ಕೂಗದ ಹಸಿವು

ಬ್ರಿಟಿಷರ ಕಾಲದಲ್ಲಿ ಒಂದು ತಾಲೂಕಿಗೇ ಹೆಸರು ಕೊಟ್ಟ ಊರು ಸಂಪಗಾಂವ. ಇಲ್ಲಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಯಾವ ದಿಕ್ಕಿಗೆ ಹೋದರೂ ಶ್ರಾವಣದ ಪಂಚಮಿ ಹಬ್ಬಕ್ಕೆ ಜೋಕಾಲಿ ಕಟ್ಟುತ್ತಾರೆ, ಅಳ್ಳು ಹುರಿಯುತ್ತಾರೆ, ಉಂಡಿ ಕಟ್ಟುತ್ತಾರೆ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಹುತ್ತಕ್ಕೂ ಕಲ್ಲಿನ ನಾಗಪ್ಪನಿಗೂ ಹಾಲೆರೆಯುತ್ತಾರೆ. ನೆರೆಮನೆಯ ಉಂಡಿ ನಮ್ಮ ಮನೆಗೂ ಬರುತ್ತದೆ. ಈ ಹಬ್ಬದ ಪ್ರೀತಿಯ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ.

ಆದರೆ ಒಂದು ಸಂಗತಿಯನ್ನು ಒಪ್ಪಿಕೊಳ್ಳಲೇಬೇಕು. ಹಾಲು ಹಾವಿನ ಆಹಾರವಲ್ಲ. ಬಾಯಾರಿದ ಹಾವು ಎದುರಿಗಿಟ್ಟ ಯಾವ ದ್ರವವನ್ನಾದರೂ ಕುಡಿದೀತು. ಹಾಲನ್ನು ಅರಗಿಸಿಕೊಳ್ಳುವ ಶಕ್ತಿ ಅದರ ಹೊಟ್ಟೆಗಿಲ್ಲ. ಹಬ್ಬಕ್ಕೆ ಮುಂಚೆ ಹಾವಾಡಿಗರು ಹಾವನ್ನು ದಿನಗಟ್ಟಲೆ ನೀರಿಲ್ಲದೆ ಇಡುತ್ತಿದ್ದುದು ಅದಕ್ಕಾಗಿಯೇ. ಕಲ್ಲಿನ ಹಾವಿಗೂ ಜೀವಂತ ಹಾವಿಗೂ ನಾವು ತೋರುವ ಎರಡು ಬಗೆಯ ನಡತೆಯನ್ನು ಬಸವಣ್ಣನವರು 12ನೆಯ ಶತಮಾನದಲ್ಲೇ ವಚನವೊಂದರಲ್ಲಿ ಎತ್ತಿ ತೋರಿಸಿದ್ದರು. ಅದಕ್ಕೆ ಇನ್ನೊಂದು ಮಾತನ್ನು ಸೇರಿಸಬಹುದು. ನಾವು ಪ್ರೀತಿಯಿಂದ ಕೊಡುವಾಗಲೂ ಅದಕ್ಕೆ ಬೇಕಾದದ್ದನ್ನು ಕೊಡುವುದಿಲ್ಲ, ನಮ್ಮಲ್ಲಿರುವುದನ್ನು ಕೊಡುತ್ತೇವೆ.

ಇದು ಹುತ್ತದ ಹತ್ತಿರ ಮಾತ್ರ ನಡೆಯುವ ತಪ್ಪಲ್ಲ. ಬೈಲಹೊಂಗಲದಲ್ಲಿ ನಮ್ಮ ಪರಿಚಯದ ಮನೆಯೊಂದಿದೆ. ಆ ಮನೆಯ ಒಂಬತ್ತು ವರ್ಷದ ಹುಡುಗನಿಗೆ ಅವನ ಮಾವ ನಗರದ ಅಂಗಡಿಯಿಂದ ಪುಟ್ಟ ಆಮೆಯೊಂದನ್ನು ತಂದುಕೊಟ್ಟರು. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟೆ. ಗಾಜಿನ ಬೋಗುಣಿಯಲ್ಲಿ ನಾಲ್ಕು ಬೆರಳು ನೀರು, ಅದರೊಳಗೆ ಆಮೆ. ಹುಡುಗ ತಾನು ತಿನ್ನುವ ರೊಟ್ಟಿಯ ಚೂರು, ಅನ್ನದ ಅಗುಳನ್ನು ಅದಕ್ಕೂ ಹಾಕುತ್ತಿದ್ದ. ನಾವೂ ಅದನ್ನು ನೋಡಿ, “ಒಳ್ಳೆಯ ಪ್ರಾಣಿ, ಸದ್ದಿಲ್ಲ, ಗಲಾಟೆಯಿಲ್ಲ” ಎಂದು ಮೆಚ್ಚಿ ಬಂದಿದ್ದೆವು. ಕೆಲವು ತಿಂಗಳಲ್ಲಿ ಅದರ ಚಿಪ್ಪು ಮೆತ್ತಗಾಯಿತು, ಕಣ್ಣುಗಳು ಊದಿಕೊಂಡವು. ಒಂದು ಬೆಳಿಗ್ಗೆ ಅದು ಸತ್ತಿತ್ತು. ಹುಡುಗ ಕೇಳಿದ: “ಅದಕ್ಕೆ ಹಸಿವಾಗಿತ್ತಾ? ಆಗಿದ್ದರೆ ಯಾಕೆ ಹೇಳಲಿಲ್ಲ?”

ನಾವು ಮೆಚ್ಚಿದ್ದ ಆ ಮೌನವೇ ಅದರ ಸಾವಿಗೆ ದಾರಿಯಾಗಿತ್ತು ಎಂಬುದು ನಮಗೆ ಆಗ ಹೊಳೆಯಿತು.

ಬೆಕ್ಕು ಹಸಿದರೆ ಕಾಲಿಗೆ ಸುತ್ತಿ ಕೂಗುತ್ತದೆ. ಆಡು ಅರಚುತ್ತದೆ. ಎಮ್ಮೆ ಗೂಟ ಕಿತ್ತುಕೊಳ್ಳಲು ನೋಡುತ್ತದೆ. ಸರೀಸೃಪ ಹಾಗಲ್ಲ. ಅದು ತನ್ನ ಮೈಯ ಶಾಖಕ್ಕೆ ಹೊರಗಿನ ಬಿಸಿಲನ್ನೇ ನಂಬಿದ ಜೀವಿ. ಅದರ ಒಡಲು ನಿಧಾನ, ಅದರ ಸಂಕಟವೂ ನಿಧಾನ. ಹೆಬ್ಬಾವು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಅದು ಸೊರಗಿದ್ದು ನಮಗೆ ಕಾಣಿಸುವ ಹೊತ್ತಿಗೆ ಕಾಲ ಮೀರಿರುತ್ತದೆ. ಕೂಗುವವನ ಹಸಿವಿಗೆ ಓಗೊಡುವುದು ಸುಲಭ, ಕೂಗು ನಿಲ್ಲಲಿ ಎಂಬ ಸ್ವಾರ್ಥವೂ ಅಲ್ಲಿ ಸ್ವಲ್ಪ ಸೇರಿರುತ್ತದೆ. ಕೂಗದವನ ಹಸಿವನ್ನು ತಾನಾಗಿ ತಿಳಿದುಕೊಳ್ಳಬೇಕಾಗುತ್ತದೆ. ಮನುಷ್ಯನ ಹೊಣೆಗಾರಿಕೆಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ.

ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಹೆಂಗಸೊಬ್ಬಳು ಶಿಕ್ಷೆಗೆ ಗುರಿಯಾದ ಸಂಗತಿಯನ್ನು ಪ್ರವಾದಿಯವರು ಹೇಳಿದ್ದು ಹಲವರಿಗೆ ಗೊತ್ತಿದೆ. ಅವಳು ಅದಕ್ಕೆ ಉಣ್ಣಲು ಕೊಡಲಿಲ್ಲ, ನೆಲದ ಹುಳುಹುಪ್ಪಡಿ ತಿಂದುಕೊಳ್ಳಲು ಬಿಡಲೂ ಇಲ್ಲ. ಅಪರಾಧದ ಈ ಎರಡನೆಯ ಅರ್ಧವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಹೊರಗಿರುವ ಪ್ರಾಣಿಯ ಹಸಿವು ಅದರದೇ. ಬಾಗಿಲು ಮುಚ್ಚಿದ ಕ್ಷಣದಿಂದ ಅದು ನಮ್ಮ ಮೇಲಿನ ಸಾಲವಾಗುತ್ತದೆ.

ಹಾಗಾದರೆ ಎತ್ತು, ಆಡು, ಕೋಳಿಗಳನ್ನೂ ಸಾಕಬಾರದೇ ಎಂದು ಕೇಳಬಹುದು. ಅವು ಸಾವಿರಾರು ವರ್ಷಗಳಿಂದ ನಮ್ಮ ಜೊತೆ ಬದುಕಿ ಬಂದಿವೆ. ನಮ್ಮ ಹೊಲದ ಕಣಿಕೆ, ನಮ್ಮ ಅಂಗಳದ ಕಾಳು ಅವುಗಳಿಗೆ ಒಗ್ಗಿದೆ. ಅವುಗಳ ರೋಗ ನಮ್ಮ ಅಜ್ಜಿಯರಿಗೂ ಗೊತ್ತು, ಪಶು ವೈದ್ಯರಿಗೂ ಗೊತ್ತು. ಸರೀಸೃಪದ ಜೊತೆ ನಮಗೆ ಅಂಥ ಹಳೆಯ ಒಪ್ಪಂದವಿಲ್ಲ. ಆದ್ದರಿಂದ ಅಲ್ಲಿ ಪ್ರೀತಿಯ ಜಾಗದಲ್ಲಿ ಮೊದಲು ತಿಳಿವಳಿಕೆ ಇರಬೇಕು.

ಆ ಕೆಂಪು ಪಟ್ಟೆಯ ಆಮೆಯನ್ನೇ ನೋಡೋಣ. ಅದು ಅಮೆರಿಕದ ಮಿಸಿಸಿಪ್ಪಿ ನದಿಯ ಕಡೆಯದು. ನಾಣ್ಯದಷ್ಟಿದ್ದದ್ದು ಊಟದ ತಟ್ಟೆಯಷ್ಟಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ 20-30 ವರ್ಷ ಬಾಳುತ್ತದೆ. ಮರಿಯಾಗಿದ್ದಾಗ ಹುಳು, ಸಣ್ಣ ಮೀನು ಹೆಚ್ಚು ಬೇಕು. ಬೆಳೆದಂತೆ ಸೊಪ್ಪು, ನೀರಿನ ಸಸ್ಯ ಹೆಚ್ಚು ಬೇಕು. ಈಜಲು ಆಳವಾದ, ಶುಚಿಯಾದ ನೀರು, ಮೈ ಒಣಗಿಸಿಕೊಳ್ಳಲು ಕಲ್ಲು, ಅದರ ಮೇಲೆ ನೇರ ಬಿಸಿಲು ಬೇಕು. ಕಿಟಕಿಯ ಗಾಜು ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುತ್ತದೆ. ಆ ಕಿರಣ ಇಲ್ಲದಿದ್ದರೆ ಸುಣ್ಣದ ಅಂಶ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ನಮ್ಮ ಹುಡುಗನ ಆಮೆಗೆ ಇವುಗಳಲ್ಲಿ ಒಂದೂ ಸಿಕ್ಕಿರಲಿಲ್ಲ. ಇನ್ನು ಇಂಥ ಪುಟ್ಟ ಆಮೆಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲುತ್ತದೆಂದು ಅಮೆರಿಕದಲ್ಲೇ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿದರು. ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕೆಂಬುದನ್ನೂ ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಬೇರೆ ಸರೀಸೃಪಗಳ ಕಥೆಯೂ ಸುಲಭವಲ್ಲ. ಇಗ್ವಾನಾ ಎಂಬ ಹಸಿರು ಹಲ್ಲಿ ಐದಾರು ಅಡಿ ಬೆಳೆಯುತ್ತದೆ. ಅದು ಸೊಪ್ಪು ತಿನ್ನುವ ಪ್ರಾಣಿ, ಮಾಂಸ ಹಾಕಿದರೆ ಅದರ ಮೂತ್ರಪಿಂಡ ಕೆಡುತ್ತದೆ. ಹೆಬ್ಬಾವಿನ ಮರಿಗೆ ಇಲಿಯೇ ಬೇಕು. ಇಲ್ಲಿ ಒಂದು ನೈತಿಕ ತೊಡಕಿದೆ. ಒಂದು ಜೀವವನ್ನು ಮನೆಯಲ್ಲಿಟ್ಟುಕೊಳ್ಳಲು ಇನ್ನೊಂದು ಜೀವವನ್ನು ವಾರಕ್ಕೊಂದರಂತೆ ಕೊಡುವ ಮನಸ್ಸು ನಮಗಿದೆಯೇ? ಇಲ್ಲದಿದ್ದರೆ ಹಾವನ್ನು ತರಬಾರದು. ನಮ್ಮ ಮನಸ್ಸಿನ ಸಮಾಧಾನಕ್ಕಾಗಿ ಹಾವಿನ ಊಟ ಬದಲಿಸಲು ಬರುವುದಿಲ್ಲ. ಹಾಗೆ ಮಾಡಿದರೆ ಅದು ದಯೆಯ ವೇಷ ಹಾಕಿದ ಕ್ರೌರ್ಯ.

ಇನ್ನು ಪ್ರಾಣಿ ಎಲ್ಲಿಂದ ಬಂತು ಎಂಬ ಪ್ರಶ್ನೆ. ನಮ್ಮ ನೆಲದ ನಾಗರಹಾವು, ಉಡ, ನಕ್ಷತ್ರ ಆಮೆಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆ ಮನೆಯಲ್ಲಿದ್ದರೆ ದುಡ್ಡು ಬರುತ್ತದೆಂಬ ನಂಬಿಕೆಯಿಂದಲೇ ಅದರ ಕಳ್ಳ ವ್ಯಾಪಾರ ಬೆಳೆಯಿತು. 2018ರ ನವೆಂಬರ್‌ನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಕರ್ನಾಟಕಕ್ಕೆ ವಾಪಸು ಕಳಿಸಿಕೊಡಲಾಯಿತು. ಅವು ಅಲ್ಲಿಗೆ ಹೋದದ್ದು ನಮ್ಮಂಥವರ ಆಸೆಯ ಬೆನ್ನೇರಿ. 2019ರಲ್ಲಿ ಅವುಗಳ ಅಂತಾರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೆ ನಿಷೇಧ ಬಿತ್ತು. ವಿದೇಶಿ ಪ್ರಾಣಿಗಳ ಕಥೆಯೂ ಕರುಣಾಜನಕವೇ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕರ ಸಾಮಾನಿನಲ್ಲಿ 234 ಪ್ರಾಣಿಗಳು ಸಿಕ್ಕವು. ಅವುಗಳಲ್ಲಿ ಹೆಬ್ಬಾವು, ಇಗ್ವಾನಾ, ಆಮೆಗಳಿದ್ದವು, ಉಸಿರುಗಟ್ಟಿ ಸತ್ತ ಕಾಂಗರೂ ಮರಿಯೂ ಇತ್ತು. ಈಗ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಯನ್ನು ಸಾಕುವವರು 2024ರ ನಿಯಮಗಳಂತೆ ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

ಆದ್ದರಿಂದ ಮನೆಗೆ ಸರೀಸೃಪ ತರುವವರು ಅಂಗಡಿಯ ಬಾಗಿಲಲ್ಲಿ ನಿಂತು ತಮ್ಮನ್ನೇ ಕೇಳಿಕೊಳ್ಳಲಿ. ಇದು ಕಾಡಿನಿಂದ ಕದ್ದದ್ದೋ, ಸಾಕಿದವರಲ್ಲೇ ಹುಟ್ಟಿದ್ದೋ? ಕಾಗದಪತ್ರ ಇದೆಯೇ? ಪೂರ್ತಿ ಬೆಳೆದಾಗ ಎಷ್ಟು ದೊಡ್ಡದಾಗುತ್ತದೆ? ಅದರ ಊಟ ನಮ್ಮೂರ ಸಂತೆಯಲ್ಲಿ ವರ್ಷವಿಡೀ ಸಿಗುತ್ತದೆಯೇ? ಕಾಯಿಲೆ ಬಿದ್ದರೆ ನೋಡುವ ವೈದ್ಯರು ಎಷ್ಟು ದೂರದಲ್ಲಿದ್ದಾರೆ? ಮಗ ಓದಲು ಧಾರವಾಡಕ್ಕೋ ಬೆಂಗಳೂರಿಗೋ ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು? ಒಂದಕ್ಕೆ ಉತ್ತರ ಸಿಗದಿದ್ದರೂ ಬರಿಗೈಯಲ್ಲಿ ಮರಳುವುದೇ ದಯೆ.

ಬೇಸರವಾದರೆ ಹೊಳೆಗೆ ಬಿಟ್ಟರಾಯಿತು ಎನ್ನುವವರಿದ್ದಾರೆ. ಅದನ್ನು ಪುಣ್ಯವೆಂದೂ ತಿಳಿಯುತ್ತಾರೆ. ಈ ಕೆಂಪು ಪಟ್ಟೆಯ ಆಮೆ ಜಗತ್ತಿನ 100 ಅತಿ ಹಾನಿಕಾರಕ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಮಲಪ್ರಭೆಗೋ ನವಿಲುತೀರ್ಥದ ಹಿನ್ನೀರಿಗೋ ಅದನ್ನು ಬಿಟ್ಟರೆ ಅಲ್ಲಿಯ ನೀರಾಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಅದು ಕಸಿಯುತ್ತದೆ. ಒಂದು ಹೊಣೆಯಿಂದ ತಪ್ಪಿಸಿಕೊಳ್ಳಲು ಹೋಗಿ ಇಡೀ ಹೊಳೆಗೆ ಅನ್ಯಾಯ ಮಾಡಿದಂತಾಗುತ್ತದೆ.

ಮಕ್ಕಳಿಗೆ ಪ್ರಾಣಿಪ್ರೀತಿ ಬೇಡವೇ? ಖಂಡಿತ ಬೇಕು. ಆದರೆ ಪ್ರೀತಿಸಿದ್ದೆಲ್ಲ ನಮ್ಮದಾಗಬೇಕು ಎಂಬ ಪಾಠ ಬೇಡ. ಗೋಡೆಯ ಹಲ್ಲಿ ದೀಪದ ಹುಳುಗಳಿಗೆ ಹೇಗೆ ಹೊಂಚು ಹಾಕುತ್ತದೆ, ಬೇಲಿಯ ಓತಿಕ್ಯಾತ ಬಿಸಿಲಿಗೆ ಹೇಗೆ ಮೈಯೊಡ್ಡುತ್ತದೆ, ಕೇರೆಹಾವು ನಮ್ಮ ಜೋಳದ ಹೊಲದ ಇಲಿಗಳನ್ನು ಹೇಗೆ ಕಡಿಮೆ ಮಾಡುತ್ತದೆ ಎಂದು ದೂರದಿಂದ ತೋರಿಸಬಹುದು. ಹೊಲದ ಬದುವಿಗೆ ಬೆಂಕಿ ಹಚ್ಚದಿರುವುದು, ಸಿಕ್ಕ ಸಿಕ್ಕಲ್ಲಿ ವಿಷ ಹೊಡೆಯದಿರುವುದು, ಕಂಡ ಹಾವಿಗೆಲ್ಲ ಬಡಿಗೆ ಎತ್ತದಿರುವುದು ಕೂಡ ಅವುಗಳಿಗೆ ಉಣ್ಣಿಸಿದಂತೆಯೇ.

ಹುಡುಗನ ಪ್ರಶ್ನೆಗೆ ಅಂದು ನಾವು ಉತ್ತರ ಕೊಡಲಿಲ್ಲ. ಈಚೆಗೆ ಅವನ ಮನೆಗೆ ಹೋದಾಗ ಹೇಳಿದೆವು: ಅದಕ್ಕೆ ಹಸಿವಾಗಿತ್ತು, ಹೇಳಲು ಅದಕ್ಕೆ ಬಾಯಿರಲಿಲ್ಲ, ತಿಳಿದುಕೊಳ್ಳಬೇಕಾಗಿದ್ದವರು ದೊಡ್ಡವರಾದ ನಾವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಮ್ಮ ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ, ಕಲ್ಲಿನ ಮೇಲೆ ಕೂತಿದ್ದ ಓತಿಕ್ಯಾತವನ್ನು ತೋರಿಸಿ, “ಹತ್ತಿರ ಹೋಗಬ್ಯಾಡ್ರಿ, ಅದು ಉಣ್ಣಾಕತ್ತೇತಿ” ಎಂದ.