ಶಕ್ತಿಯನ್ನರಿತ ತಪ

ದೀರ್ಘಕಾಲದ ಮೂತ್ರಪಿಂಡದ ಕಾಯಿಲೆಯುಳ್ಳ ಶ್ರಾವಕನೊಬ್ಬನು ದಶಲಕ್ಷಣ ಪರ್ವದಲ್ಲಿ ನೀರನ್ನೂ ತೊರೆದು ಉಪವಾಸಕ್ಕೆ ನಿಂತರೆ ಅದು ತಪವೋ, ತನ್ನ ಮೇಲೆ ತಾನೇ ಎಸಗಿಕೊಂಡ ಹಿಂಸೆಯೋ? ಮನೆಯವರು ಕೇಳಲು ಅಂಜುತ್ತಾರೆ. ಬಸದಿಯಲ್ಲಿ ಸನ್ಮಾನಕ್ಕೆ ಹಾರ ತಂದವರಂತೂ ಕೇಳುವುದೇ ಇಲ್ಲ.

ಮೂತ್ರಪಿಂಡಗಳು ಸೋತಾಗ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಏರುತ್ತದೆ. ಮಿತಿಮೀರಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ನಿಂತೇ ಹೋಗಲೂಬಹುದು. ಹೃದಯದ ಮೇಲಿನ ಕೋಣೆಗಳು ಕ್ರಮಗೆಟ್ಟು ಕಂಪಿಸುವ ವ್ಯಾಧಿಯೂ ಇಂಥವರಲ್ಲಿ ಹೆಚ್ಚು; ಅದರಿಂದ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬರಬಹುದು. ನೀರಿಲ್ಲದ ಉಪವಾಸ ಸೋತ ಮೂತ್ರಪಿಂಡವನ್ನು ಇನ್ನಷ್ಟು ಸೋಲಿಸಬಲ್ಲದು. ಪಾರಣೆಯಂದು ಅಕ್ಕರೆಯಿಂದ ಕೊಡುವ ಎಳನೀರಿನಲ್ಲಿಯೂ ಪೊಟ್ಯಾಸಿಯಂ ಹೇರಳ.

ದೇಹವು ಪರದ್ರವ್ಯ, ಅದರ ಚಿಂತೆಯೇಕೆ ಎನ್ನುವವರುಂಟು. ನಿಜ, ಆದರೆ ವ್ರತ ನಡೆಯುವುದೂ ಅದೇ ದೇಹದಿಂದ. ತತ್ತ್ವಾರ್ಥಸೂತ್ರವು ಷೋಡಶಕಾರಣ ಭಾವನೆಗಳಲ್ಲಿ ತಪವನ್ನು ಹೇಳುವಾಗ ‘ಶಕ್ತಿಗೆ ತಕ್ಕಂತೆ’ ಎಂಬ ಕಟ್ಟನ್ನು ಇಟ್ಟಿದೆ. 6 ಬಾಹ್ಯ ತಪಗಳಲ್ಲಿ ಅನಶನ ಒಂದು ಮಾತ್ರ. ಹೊಟ್ಟೆತುಂಬ ಉಣ್ಣದ ಅವಮೌದರ್ಯವುಂಟು, ರಸಪರಿತ್ಯಾಗವುಂಟು. ತೊರೆಯುವ ರಸಗಳಲ್ಲಿ ಉಪ್ಪೂ ಸೇರಿದೆ. ಉಪ್ಪು ತಗ್ಗಿದರೆ ರಕ್ತದೊತ್ತಡ ತಗ್ಗಿ ಹೃದಯಕ್ಕೂ ಮೂತ್ರಪಿಂಡಕ್ಕೂ ಹಿತ. (ಅಂಗಡಿಯ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಬೆರೆತಿರುವುದುಂಟು, ವೈದ್ಯರನ್ನು ಕೇಳದೆ ಈ ರೋಗಿ ಅದನ್ನು ಬಳಸತಕ್ಕದ್ದಲ್ಲ.) ವರ್ಷವಿಡೀ ಸಪ್ಪೆ ಉಣ್ಣುವುದು, ಔಷಧ ತಪ್ಪಿಸದಿರುವುದು, ಮುಂಜಾನೆ ಶಕ್ತಿಯಿದ್ದಷ್ಟು ನಡೆಯುವುದು 10 ದಿನಗಳ ಉಪವಾಸಕ್ಕಿಂತ ಸುಲಭವೇನಲ್ಲ.

ವ್ರತಿಗಳ ಪಟ್ಟಿ ಬರೆಯುವ ಟ್ರಸ್ಟಿನವರು ಕಾಯಿಲೆಯನ್ನೂ ವಿಚಾರಿಸಿ, ಉಪ್ಪು ತೊರೆದವನ ಹೆಸರನ್ನೂ ಅದೇ ಪಟ್ಟಿಯಲ್ಲಿ ಬರೆದರೆ, ಆತನು ರೋಗವನ್ನು ಮುಚ್ಚಿಡಬೇಕಾದ ಪ್ರಮೇಯವೇ ಬಾರದು.