‘ಏನೂ ಇಲ್ಲ’ ಎಂದರೆ ಏನು?

ಡಾಕ್ಟರ ಎದುರಿಗೆ ಕುಳಿತವರೆಲ್ಲ ಕೇಳಬಯಸುವ ಮಾತು ಒಂದೇ: ‘ಏನೂ ಇಲ್ಲ.’ ಸರದಿಯ ಚೀಟಿ ಹಿಡಿದು ಎರಡು ಗಂಟೆ ಬೆಂಚಿನ ಮೇಲೆ ಕಾದದ್ದು, ಮನೆದೇವರಿಗೆ ಮನಸ್ಸಿನಲ್ಲೇ ಹರಕೆ ಹೊತ್ತದ್ದು ಎಲ್ಲ ಈ ಎರಡು ಪದಗಳಿಗಾಗಿಯೇ. ಆದರೆ ಅವು ಸಿಕ್ಕಿದ ಮೇಲೆ ನಾವು ನಿಜವಾಗಿ ನಿಶ್ಚಿಂತರಾಗುತ್ತೇವೆಯೆ? ಜ್ವರದ ವಿಷಯದಲ್ಲಾದರೆ ಆಗುತ್ತೇವೆ, ಜ್ವರ ಬಿಟ್ಟುಹೋಗುತ್ತದೆ. ಮೈಮೇಲೆ ಎದ್ದ ಗಂಟೊಂದು ಹಾಗೆ ಬಿಟ್ಟುಹೋಗುವುದಿಲ್ಲ. ಅದು ನೋಯುವುದಿಲ್ಲ, ತುರಿಸುವುದಿಲ್ಲ, ಕೀವಾಗುವುದಿಲ್ಲ; ಸುಮ್ಮನೆ ಇರುತ್ತದೆ. ಬೆಳಿಗ್ಗೆ ಸ್ನಾನಕ್ಕೆ ನಿಂತಾಗ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಡಾಕ್ಟರು ಹೇಳಿದ ಮಾತು ಒಂದು, ಬೆರಳ ತುದಿ ಹೇಳುವ ಸಾಕ್ಷಿ ಇನ್ನೊಂದು.

ಘೋಡಬಂದರ್ ರಸ್ತೆ ಹೆದ್ದಾರಿಯನ್ನು ಕೂಡುವ ಮಾಜಿವಾಡಾದಲ್ಲಿ ನಮ್ಮ ಪರಿಚಿತರೊಬ್ಬರಿದ್ದಾರೆ. ಊರು ಉಡುಪಿಯ ಕಡೆ. ಠಾಣೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಬಹುಕಾಲ ದುಡಿದವರು. ಕಾರ್ಖಾನೆ ಮುಚ್ಚಿ ಆ ಜಾಗದಲ್ಲಿ ಮುಗಿಲೆತ್ತರದ ಮನೆಗಳು ಎದ್ದಮೇಲೆ ಈಗ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಾರೆ. ಅವರ ಕುತ್ತಿಗೆಯ ಹಿಂದೆ, ಶರ್ಟಿನ ಕಾಲರು ತಾಗುವಲ್ಲಿ, ಹುಣಿಸೆ ಬೀಜದಷ್ಟಿದ್ದ ಗಂಟು ಹನ್ನೊಂದು ವರ್ಷಗಳಲ್ಲಿ ನೆಲ್ಲಿಕಾಯಿಯಷ್ಟಾಗಿತ್ತು. ಹತ್ತಿರದ ಡಾಕ್ಟರು ಎರಡು ಬೆರಳಲ್ಲಿ ಒತ್ತಿ ನೋಡಿ, ‘ಕಾಹೀ ನಾಹೀ, ಸೋಡೂನ್ ದ್ಯಾ’ ಎಂದು ಮರಾಠಿಯಲ್ಲಿ ಅಭಯವಿತ್ತು ಮುಂದಿನವರನ್ನು ಕರೆದರಂತೆ. ನಮ್ಮೆದುರು ಅವರು ಹೇಳಿಕೊಂಡದ್ದು ಹೀಗೆ: “ಏನಿಲ್ಲ ಅಂದ್ರು ಮಾರಾಯ್ರೆ. ಏನೂ ಇಲ್ಲದ್ದು ಇಷ್ಟು ದಪ್ಪ ಇರ್ತದಾ?”

ಸುತ್ತ ಇದ್ದವರೆಲ್ಲ ನಕ್ಕರು. ನಗುವಂಥದೇ ಮಾತು. ಆದರೆ ಈ ಪ್ರಶ್ನೆಯನ್ನು ನಕ್ಕು ಮರೆಯುವುದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ.

ನಮ್ಮ ಹಳೆಯ ನೈಯಾಯಿಕರು ‘ಇಲ್ಲ’ ಎಂಬ ಪದವನ್ನು ಹಗುರವಾಗಿ ಆಡಿದವರಲ್ಲ. ದ್ರವ್ಯ, ಗುಣ, ಕರ್ಮ ಎಂದು ಜಗತ್ತಿನ ಪದಾರ್ಥಗಳನ್ನು ಎಣಿಸುತ್ತ ಬಂದವರು ಏಳನೆಯದಾಗಿ ‘ಅಭಾವ’ವನ್ನೂ ಸೇರಿಸಿಕೊಂಡರು. ಆದರೆ ಅದಕ್ಕೊಂದು ಕಟ್ಟಳೆ ಇಟ್ಟರು: ಅಭಾವವೆಂದ ಮೇಲೆ ಯಾವುದರ ಅಭಾವ ಎಂಬುದನ್ನು ಹೇಳಲೇಬೇಕು. ನೆಲದ ಮೇಲೆ ಗಡಿಗೆ ಇಲ್ಲ ಎನ್ನಬಹುದು. ಬರಿದೆ ‘ಇಲ್ಲ’ ಎನ್ನುವಂತಿಲ್ಲ. ಇಲ್ಲದ ಆ ಗಡಿಗೆಗೆ ಅವರಿಟ್ಟ ಹೆಸರು ‘ಪ್ರತಿಯೋಗಿ.’ ಡಾಕ್ಟರು ‘ಏನೂ ಇಲ್ಲ’ ಎನ್ನುವಾಗ ಅವರ ಮನಸ್ಸಿನಲ್ಲಿ ಪ್ರತಿಯೋಗಿ ಇದ್ದೇ ಇದೆ: ಇದು ಕ್ಯಾನ್ಸರಲ್ಲ, ಕ್ಷಯದ ಗಂಟಲ್ಲ, ಒಳಗೆ ಕೀವಿಲ್ಲ. ಇಷ್ಟನ್ನೂ ಅವರ ಬೆರಳು ಅರೆ ನಿಮಿಷದಲ್ಲಿ ವಿಚಾರಿಸಿ ತೀರ್ಪುಕೊಟ್ಟಿದೆ. ರೋಗಿಯ ಕಿವಿಗೆ ಬಂದು ಬೀಳುವುದು ಮಾತ್ರ ಪ್ರತಿಯೋಗಿ ಕಳಚಿಹೋದ ಬರಿಯ ‘ಇಲ್ಲ.’ ಆ ಖಾಲಿ ಜಾಗವನ್ನು ಅವನು ತನ್ನ ಭಯದಿಂದ ತುಂಬಿಕೊಳ್ಳುತ್ತಾನೆ.

ವೇದಾಂತಿಗಳ ಹಗ್ಗ-ಹಾವಿನ ದೃಷ್ಟಾಂತ ವಾಚಕರಿಗೆ ಹೊಸತಲ್ಲ. ಮಬ್ಬುಗತ್ತಲಲ್ಲಿ ಹೆದರಿ ನಿಂತವನಿಗೆ ‘ಅದು ಹಾವಲ್ಲ’ ಎಂದಷ್ಟೇ ಹೇಳಿ ನೋಡಿ. ಅವನು ನಿಂತಲ್ಲಿಂದ ಕದಲುವುದಿಲ್ಲ. ಹಾವಲ್ಲದಿದ್ದರೆ ಚೇಳಿರಬಹುದಲ್ಲ! ದೀಪ ತಂದು ‘ಇದು ಹಗ್ಗ’ ಎಂದು ತೋರಿಸಿದಾಗಲೇ ಅವನು ಹೆಜ್ಜೆ ಮುಂದಿಡುವುದು. ಆಮೇಲೂ ಎದೆಯ ನಡುಕ ಕೊಂಚ ಹೊತ್ತು ಉಳಿಯುತ್ತದೆಂಬುದನ್ನೂ ಅವರು ಗಮನಿಸಿದ್ದಾರೆ. ಅಪಾಯವಿಲ್ಲದ ಗಂಟಿಗೂ ಹೀಗೆ ಒಂದು ಸ್ವಂತ ಹೆಸರಿದೆ. ಅದನ್ನು ಹೊತ್ತವನಿಗೆ ಆ ಹೆಸರು ತಿಳಿಯುವ ಹಕ್ಕಿದೆ. ನಮ್ಮ ವಾದ ಇಷ್ಟೇ.

ಈ ದೀಪ ದುಬಾರಿಯದೂ ಅಲ್ಲ. ಚರ್ಮದಡಿಯಲ್ಲಿ ಮೆತ್ತಗೆ, ಒತ್ತಿದರೆ ಬೆರಳಿನಿಂದ ಜಾರಿಕೊಳ್ಳುವ ಗಂಟು ಹೆಚ್ಚಾಗಿ ಲೈಪೋಮಾ, ಅಂದರೆ ಕೊಬ್ಬಿನ ಗಂಟು; ನೂರಕ್ಕೆ ಒಬ್ಬರಿಗಾದರೂ ಇದು ಇರುತ್ತದೆಂದು ಲೆಕ್ಕ. ನಡುವೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಂಡರೆ ಅದು ಚರ್ಮದ ಕೋಶಗಳೇ ಒಳಕ್ಕೆ ಸರಿದು ಕಟ್ಟಿಕೊಂಡ ಚೀಲ. ಒಳಗಿರುವುದು ಕೆರಾಟಿನ್, ನಮ್ಮ ಉಗುರು ಕೂದಲುಗಳಲ್ಲಿರುವ ವಸ್ತುವೇ. ಇದನ್ನು ಡಾಕ್ಟರುಗಳು ಬಹುಕಾಲದಿಂದ ‘ಸೆಬೇಶಿಯಸ್ ಸಿಸ್ಟ್’, ಚರ್ಮದ ಎಣ್ಣೆಗ್ರಂಥಿಯ ಚೀಲ, ಎನ್ನುತ್ತ ಬಂದಿದ್ದಾರೆ. ಎಣ್ಣೆಗ್ರಂಥಿಗೂ ಇದಕ್ಕೂ ಸಂಬಂಧವಿಲ್ಲವೆಂದು ಗೊತ್ತಾದ ಮೇಲೂ ಹಳೆಯ ಹೆಸರು ಬಿಟ್ಟುಹೋಗಿಲ್ಲ. ಹೆಸರುಗಳೂ ಗಂಟುಗಳಂತೆಯೇ ಹಟಮಾರಿಗಳು. ಹಿಸುಕಿದರೆ ಒಳಗಿನದು ಹೊರಗೆ ಬರುತ್ತದೆ, ಚೀಲದ ಗೋಡೆ ಉಳಿದು ಮತ್ತೆ ತುಂಬಿಕೊಳ್ಳುತ್ತದೆ. ಕಾಲಿನ ಮೇಲೆ ಕಡಲೆಕಾಳಿನಂಥ ಗಟ್ಟಿ ಗುಳ್ಳೆಯನ್ನು ಎರಡೂ ಕಡೆಯಿಂದ ಒತ್ತಿದಾಗ ನಡುಭಾಗ ಕುಳಿಬಿದ್ದರೆ ಅದು ಡರ್ಮಟೋಫೈಬ್ರೋಮಾ ಎಂದು ಪರೀಕ್ಷಿಸುವ ವೈದ್ಯರಿಗೆ ಬಹುಮಟ್ಟಿಗೆ ತಿಳಿದುಹೋಗುತ್ತದೆ. ನಮ್ಮ ಅಜ್ಜಿಯಂದಿರ ಕೆನ್ನೆಯ ಮೇಲೆ ಎಳ್ಳು ಚೆಲ್ಲಿದಂತೆ ಇರುತ್ತಿದ್ದ ಕರಿಯ ಕಾಳುಗಳಿಗೆ 1925ರಲ್ಲಿ ಇಟಲಿಯ ವೈದ್ಯ ಕ್ಯಾಸ್ಟಲಾನಿ ‘ಡರ್ಮಟೋಸಿಸ್ ಪ್ಯಾಪ್ಯುಲೋಸಾ ನೈಗ್ರಾ’ ಎಂದು ನಾಮಕರಣ ಮಾಡಿದ. ಅಷ್ಟು ಚಿಕ್ಕ ಕಾಳಿಗೆ ಇಷ್ಟು ದೊಡ್ಡ ಹೆಸರು!

ಮಾಜಿವಾಡಾದ ನಮ್ಮ ಪರಿಚಿತರ ಗಂಟಿನ ಮೇಲೂ ಕಪ್ಪು ಚುಕ್ಕೆ ಇತ್ತು. ಚರ್ಮರೋಗದ ಡಾಕ್ಟರೊಬ್ಬರು ಕನ್ನಡಿಯಲ್ಲಿ ಅದನ್ನು ತೋರಿಸಿ, ಇದು ಇಂಥ ಚೀಲ, ಒಳಗೆ ಇಂಥದಿದೆ, ಕಾಲರು ಉಜ್ಜಿ ಕೆಂಪಾದರೆ ಬನ್ನಿ, ಇಲ್ಲವಾದರೆ ಹಾಗೇ ಇರಲಿ ಎಂದರಂತೆ. ಗಂಟು ಈಗಲೂ ಇದೆ. ಗಿರಾಕಿಗಳು ಕೇಳಿದರೆ ಇವರೇ ಈಗ ಕೆರಾಟಿನ್ ಬಗ್ಗೆ ಪಾಠ ಹೇಳುತ್ತಾರೆ.

ಹೆಸರು ತಿಳಿಯದಿದ್ದಾಗ ಮನುಷ್ಯ ಸುಮ್ಮನೆ ಕೂರುವುದಿಲ್ಲ. ಏನಾದರೂ ಮಾಡಿಯೇ ತೀರುತ್ತಾನೆ. ನಾವು ನರೂಲಿ ಎನ್ನುವುದನ್ನು ನೆರೆಮನೆಯ ಮರಾಠಿಯವರು ಚಾಮಖೀಳ ಎನ್ನುತ್ತಾರೆ. ಭಾಷೆ ಬೇರೆಯಾದರೂ ಚಿಕಿತ್ಸೆ ಒಂದೇ: ಕುದುರೆಯ ಬಾಲದ ಕೂದಲು ಬಿಗಿದು ಕಟ್ಟುವುದು. ಸುಣ್ಣ ಹಚ್ಚುವವರೂ ಉಂಟು, ದೇವಸ್ಥಾನದ ಕೊಳಕ್ಕೆ ಬೆಲ್ಲ ಹಾಕುವವರೂ ಉಂಟು. ಮಕ್ಕಳ ನರೂಲಿಗಳಲ್ಲಿ ಮೂರರಲ್ಲಿ ಎರಡು ಪಾಲು ಎರಡು ವರ್ಷಗಳೊಳಗೆ ತಾವಾಗಿಯೇ ಉದುರಿಹೋಗುವುದರಿಂದ ಈ ಎಲ್ಲ ಚಿಕಿತ್ಸೆಗಳಿಗೂ ಒಳ್ಳೆಯ ಹೆಸರಿದೆ.

ಡಾಕ್ಟರ ಪಕ್ಷವನ್ನೂ ಹೇಳಬೇಕು. ಹೊರಗೆ ಅರುವತ್ತು ಮಂದಿ ಕಾದಿರುವಾಗ ಒಬ್ಬೊಬ್ಬರಿಗೂ ಕೆರಾಟಿನ್ ಪುರಾಣ ಹೇಳುತ್ತ ಕೂರಲಾಗದು. ಬೆರಳಿಗೆ ತಿಳಿದದ್ದೆಲ್ಲವನ್ನೂ ಮಾತಿಗೆ ತರಲೂ ಆಗದು. ಆದರೂ ‘ಅಪಾಯವಿಲ್ಲ’ ಎಂಬುದು ಷರತ್ತುಗಳಿರುವ ವಚನ. ಷರತ್ತು ತಿಳಿಸದೆ ವಚನ ಕೊಡುವುದು ಸರಿಯಲ್ಲ. ಗಂಟು ಬಹುಕಾಲ ಇರುವುದೇ ದೋಷವೆಂದು ನಾವು ಹೆದರುತ್ತೇವೆ. ನಿಜಕ್ಕೂ ನೋಡಬೇಕಾದದ್ದು ಬದಲಾವಣೆ. ವಾರಗಳಲ್ಲಿ ಬೆಳೆದದ್ದು, ರಕ್ತ ಒಸರುವುದು, ಮಾಯದ ಹುಣ್ಣಾದದ್ದು, ಕಲ್ಲಿನಂತೆ ಗಟ್ಟಿಯಾಗಿ ಅಲುಗದೆ ಕೂತದ್ದು, ಐದು ಸೆಂಟಿಮೀಟರ್ ಮೀರಿದ್ದು ಇವಕ್ಕೆಲ್ಲ ಬೇರೆಯೇ ಪರೀಕ್ಷೆ ಬೇಕು. ಚರ್ಮದ ಕ್ಯಾನ್ಸರುಗಳಲ್ಲಿ ಕ್ರೂರವಾದ ಮೆಲನೋಮಾ ನಮ್ಮ ಕಂದು ಮೈಯವರಲ್ಲಿ ಅಪರೂಪ; ಬಂದರೆ ಹೆಚ್ಚಾಗಿ ಅಂಗಾಲಿನಲ್ಲೋ ಉಗುರಿನ ಅಡಿಯಲ್ಲೋ, ಅಂದರೆ ಯಾರೂ ನೋಡದ ಕಡೆ. ರೋಗಿಗೂ ಕರ್ತವ್ಯವಿದೆ. ಆರು ತಿಂಗಳಿಂದ ಇರುವುದನ್ನು ‘ಮೊನ್ನೆಯಿಂದ’ ಎನ್ನುವವರೂ, ಸಂಕೋಚದಿಂದ ಎದೆಯ ಗಂಟನ್ನು ಮನೆಯವರಿಗೂ ಹೇಳದೆ ಮುಚ್ಚಿಡುವ ಹೆಂಗಸರೂ ನಮ್ಮಲ್ಲಿ ಕಡಿಮೆಯಿಲ್ಲ. ಅದು ಚರ್ಮದ ಮಾತಲ್ಲ, ತಡಮಾಡದೆ ತೋರಿಸಬೇಕಾದದ್ದು.

ಇಷ್ಟೂ ಒಬ್ಬನ ಮೈಯ ವಿಚಾರವಾಯಿತು. ನೈತಿಕ ಪ್ರಶ್ನೆ ಇನ್ನೂ ಬಿಗಿಯಾಗುವುದು ಬೇರೆಯವರು ನಮ್ಮ ಮೈಯನ್ನು ಗುರುತಿಸಹೊರಟಾಗ. ಶಾಲೆಯ ದಾಖಲೆಯಲ್ಲಿ ‘ಎಡಗೆನ್ನೆಯ ಮೇಲೆ ಮಚ್ಚೆ’ ಎಂದು ಮೇಷ್ಟ್ರು ಬರೆದುಕೊಂಡಾಗ ನಮಗೇನೂ ಅನ್ನಿಸಿರಲಿಲ್ಲ. ಆದರೆ ಕಿವಿಯ ಹಾಲೆ ದಪ್ಪಗಾದವನನ್ನೂ ಮುಖದ ಮೇಲೆ ಗಂಟೆದ್ದವನನ್ನೂ ಊರವರು ಕುಷ್ಠವೆಂದು ದೂರವಿಟ್ಟ ಕಾಲ ಬಹಳ ಹಿಂದಿನದಲ್ಲ. ಮುಂಬಯಿಯ ವಡಾಲಾದಲ್ಲಿರುವ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆ ಹುಟ್ಟಿದ್ದು 1890ರಲ್ಲಿ, ನಿರ್ಗತಿಕ ರೋಗಿಗಳನ್ನು ಬೀದಿಯಿಂದ ತಂದು ಇಡುವ ಆಶ್ರಮವಾಗಿ. ಬಡ ರೋಗಿಗಳನ್ನು ಹಿಡಿದು ಪ್ರತ್ಯೇಕ ಇಡಲು ಅಧಿಕಾರ ಕೊಟ್ಟ 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ತೆಗೆದದ್ದು 2019ರಲ್ಲಿ. ಹಲವು ಔಷಧಿಗಳನ್ನು ಕೂಡಿಸಿ ಕೊಟ್ಟು ಈ ರೋಗವನ್ನು ಪೂರ್ತಿ ಗುಣಪಡಿಸುವ ಕ್ರಮ 1980ರ ದಶಕದಲ್ಲೇ ಬಂದಿತ್ತು. ಗುಳಿಗೆ ಬಂದು ಮೂರು ದಶಕ ಕಳೆದ ಮೇಲೆ ಕಾನೂನು ಕಣ್ಣು ಬಿಟ್ಟಿತು.

ಇನ್ನೊಂದು ಕಾಯಿಲೆಯುಂಟು, ನ್ಯೂರೋಫೈಬ್ರೊಮಟೋಸಿಸ್. ಜರ್ಮನಿಯ ವೈದ್ಯ ರೆಕ್ಲಿಂಗ್‌ಹೌಸೆನ್ 1882ರಲ್ಲಿ ವಿವರಿಸಿದ್ದು. ಸುಮಾರು ಮೂರು ಸಾವಿರಕ್ಕೆ ಒಬ್ಬರಲ್ಲಿ ಹುಟ್ಟಿನಿಂದಲೇ ಬರುವಂಥದು. ಮುಖ, ಕೈ, ಬೆನ್ನೆಲ್ಲ ಮೆತ್ತನೆಯ ಗಂಟುಗಳು ಏಳುತ್ತವೆ. ಹೊತ್ತವರಿಗೆ ಅದರಿಂದ ಬೇರೆ ಬೇರೆ ತೊಂದರೆಗಳಿರಬಹುದು. ಪಕ್ಕದಲ್ಲಿ ಕುಳಿತವರಿಗೆ ಏನೇನೂ ಇಲ್ಲ, ಅದು ಅಂಟುವುದಿಲ್ಲ. ಇಲ್ಲಿ ‘ಏನೂ ಇಲ್ಲ’ ಎಂಬುದಕ್ಕೆ ಪ್ರತಿಯೋಗಿ ಸ್ಪಷ್ಟವಾಗಿದೆ. ಆದರೂ ಮುಂಬಯಿಯ ಲೋಕಲ್ ಗಾಡಿಯಲ್ಲಿ ಬೆಳಗಿನ ಎಂಟೂವರೆಗೆ, ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಅರ್ಧ ತೊಡೆಯನ್ನಾದರೂ ಊರಿಕೊಳ್ಳಲು ಠಾಣೆಯಿಂದ ಜನ ಹಾತೊರೆಯುವ ಹೊತ್ತಿನಲ್ಲಿ, ಅಂಥವರೊಬ್ಬರ ಪಕ್ಕದ ಜಾಗ ದಾದರಿನ ತನಕ ಖಾಲಿಯಾಗಿಯೇ ಬಂದದ್ದನ್ನು ನಾವು ಕಂಡಿದ್ದೇವೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಪಕ್ಕದ ಖಾಲಿ ಜಾಗದಲ್ಲಿ ಇಟ್ಟಿರಲಿಲ್ಲ.