ಮೇಲಿನ ಹೊಲದವನ ಧರ್ಮ

ಹರಿಯುವ ನೀರಿಗೆ ಒಡೆಯನು ಯಾರು? ಕಾಲುವೆಯು ನನ್ನ ಬದುವನ್ನು ಮುಟ್ಟಿ ಹೋಗುವಾಗ, ನನ್ನ ಪಾಳಿ ಮುಗಿದ ಮೇಲೆಯೂ ಅದರ ನೀರನ್ನು ತಿರುಗಿಸಿಕೊಳ್ಳುವದು ಕಳ್ಳತನವೋ ಅಲ್ಲವೋ? ಹಚ್ಚೊಳ್ಳಿ ಮುಂತಾದ ಊರುಗಳಿರುವ ಸಿರುಗುಪ್ಪದ ಸೀಮೆಯಲ್ಲಿ ಇದು ಪಂಡಿತರ ಪ್ರಶ್ನೆಯಲ್ಲ. ಪ್ರತಿ ಬೆಳೆಯಲ್ಲಿಯೂ ಏಳುವ ಪ್ರಶ್ನೆಯಾಗಿದೆ.

ಬಳ್ಳಾರಿಯ ಜಿಲ್ಲೆಯು 1876-78ರ ಘೋರವಾದ ಬರಗಾಲವನ್ನು ಕಂಡದ್ದು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟಾಗ, ಆದಷ್ಟು ಹೆಚ್ಚು ಭೂಮಿಗೆ ಸ್ವಲ್ಪವಾದರೂ ನೀರು ಮುಟ್ಟಬೇಕೆಂಬದೇ ಉದ್ದೇಶವಾಗಿತ್ತು. ಆದಕಾರಣ ಬಹಳ ಭೂಮಿಯನ್ನು ಜೋಳ, ಹತ್ತಿ ಮುಂತಾದ ಮಿತನೀರಿನ ಪೈರುಗಳಿಗೆ ಗೊತ್ತುಮಾಡಿದರು. ಆದರೆ ಭತ್ತದ ಗದ್ದೆಯಲ್ಲಿ ನೀರು ನಿಲ್ಲಬೇಕು. ಮೇಲಿನವರು ಗೊತ್ತನ್ನು ಮೀರಿ ಭತ್ತ ಹಚ್ಚಿದರೆ ಕೊನೆಯ ಹೊಲವು ಒಣಗುವದು.

ಕೆಲವರು, "ನಾನು ಬಿಟ್ಟರೆ ನಡುವಿನವನು ತೆಗೆದುಕೊಳ್ಳುವನು, ಕೊನೆಯವನಿಗೆ ಹೇಗೂ ಮುಟ್ಟದು" ಅನ್ನುತ್ತಾರೆ. ಈ ಮಾತು ಪೂರ್ಣವಾಗಿ ಸುಳ್ಳಲ್ಲ. ಆದರೂ ನಡುವಿನವನ ಲೋಭಕ್ಕೆ ಅವನು ಲೆಕ್ಕ ಕೊಡತಕ್ಕವನು, ನನ್ನ ಲೋಭಕ್ಕೆ ನಾನು. ಅಲ್ಲದೆ ತನ್ನ ತೂಬನ್ನು ಹೊತ್ತಿಗೆ ಸರಿಯಾಗಿ ಮುಚ್ಚುವವನು ನೀರು ಬಳಕೆದಾರರ ಸಂಘದಲ್ಲಿ ನಡುವಿನವನನ್ನು ಧೈರ್ಯದಿಂದ ಪ್ರಶ್ನಿಸಬಲ್ಲನು. ತಾನೇ ತೂಬು ಒಡೆದವನು ಅಲ್ಲಿ ಬಾಯಿ ತೆರೆಯಲಾರನು.

2024ನೆಯ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಹೊಳೆಯ ಪಾಲಾದ ನೀರಿಗಾಗಿ ಸೀಮೆಯೆಲ್ಲವೂ ಮರುಗಿತು. ರಾತ್ರಿಯಲ್ಲಿ ತೂಬು ಒಡೆದಾಗ ದಾರಿ ತಪ್ಪುವದೂ ಅದೇ ನೀರು. ಆದರೆ ಆಗ ಮರುಗುವವನು ಕೊನೆಯ ಹೊಲದವನೊಬ್ಬನೇ.

ಆದಿಕಾಂಡದ 26ನೆಯ ಅಧ್ಯಾಯದಲ್ಲಿ ಗೆರಾರಿನ ದನಕಾಯುವವರು ಬಾವಿಯ ನೀರು ತಮ್ಮದೆಂದು ಜಗಳವಾಡಿದಾಗ, ಇಸಾಕನು ಬಿಟ್ಟುಹೋಗಿ ಬೇರೆ ಬಾವಿಗಳನ್ನು ತೋಡಿಸಿದನು; ಮೂರನೆಯದಕ್ಕೆ ಜಗಳವಾಗಲಿಲ್ಲ. ಇದನ್ನು ಓದಿ ಕೊನೆಯ ಹೊಲದವನಿಗೆ ಮಾತ್ರ ತಾಳ್ಮೆಯನ್ನು ಬೋಧಿಸುವದು ನ್ಯಾಯವಲ್ಲ. ಇಸಾಕನು ಗುಡಾರ ಕಿತ್ತು ಹೋಗಬಲ್ಲವನಾಗಿದ್ದನು. ಹೊಲವಾದರೋ ಎದ್ದು ಬೇರೆ ಕಾಲುವೆಗೆ ಹೋಗಲಾರದು. ಆದಕಾರಣ ಬಿಟ್ಟುಕೊಡುವ ಧರ್ಮವು ಮೊದಲು ಮೇಲಿನವನದು.

ನಮ್ಮ ಸಭೆಗಳಲ್ಲಿ ಸ್ವಂತ ಹೊಲವಿಲ್ಲದೆ ಕೂಲಿಯಿಂದ ಜೀವಿಸುವವರು ಅನೇಕರಿದ್ದಾರೆ. ಧಣಿಯ ಮಾತಿನಂತೆ ರಾತ್ರಿಯಲ್ಲಿ ನೀರು ತಿರುಗಿಸಿದರೆ ಪಾಪವು ಯಾರದು? ಹೆಚ್ಚಿನ ಭಾರವು ಅಪ್ಪಣೆ ಕೊಟ್ಟವನ ಮೇಲೆಯೇ ಇರುವದು. ಆದರೂ ಸಲಿಕೆ ಹಿಡಿದ ಕೈ ನಮ್ಮದು. ಒಬ್ಬನೇ ನಿಂತು "ಈ ಕೆಲಸ ಮಾಡೆನು" ಅನ್ನುವದು ಕಷ್ಟ. ನಾಳಿನ ಗಂಜಿಯು ಅದರಲ್ಲಿದೆ. ಆದಕಾರಣ ಅಂಥವನು ಕೂಲಿ ಕಳೆದುಕೊಂಡರೆ ಸಭೆಯವರು ಅವನ ಮನೆಗೆ ಜೋಳವನ್ನೂ ಅಕ್ಕಿಯನ್ನೂ ಒದಗಿಸತಕ್ಕದ್ದು. ಒದಗಿಸದೆ ಬರೀ ಧೈರ್ಯ ಹೇಳುವದರಿಂದ ಅವನ ಮಕ್ಕಳ ಹಸಿವು ತೀರದು.

ಸಹೋದರರೇ, ಮುಂದಿನ ಪಾಳಿ ಬರುವ ಮೊದಲು ನಿಮ್ಮ ಕಾಲುವೆಯ ದಡದಲ್ಲಿ ಕೊನೆಯ ಹೊಲದ ತನಕ ಒಮ್ಮೆ ನಡೆದುಹೋಗಿ, ಅಲ್ಲಿಯವನ ಸಂಗಡ ಮಾತಾಡಿರಿ. ಬದುವಿನಾಚೆಯವನು ಮಾತ್ರ ನೆರೆಯವನಲ್ಲ; ನೀರು ಎಲ್ಲಿಯ ತನಕ ಮುಟ್ಟಬೇಕೋ ಅಲ್ಲಿಯ ತನಕ ನಮಗೆ ನೆರೆಯವರಿದ್ದಾರೆ. ನೀತಿವಂತರ ಮೇಲೆಯೂ ಅನೀತಿವಂತರ ಮೇಲೆಯೂ ಮಳೆ ಕರೆಯುವ ಪರಲೋಕದ ತಂದೆಯು, ಹೊತ್ತಿಗೆ ಸರಿಯಾಗಿ ತೂಬು ಮುಚ್ಚುವ ಮನಸ್ಸನ್ನು ನಮಗೆ ಅನುಗ್ರಹಿಸಲಿ.